ಕನ್ನಡ ಮಾಧ್ಯಮದಿಂದ ಬಂದವರಿಗೆ ‘ಮ್ಯಾಕ್‌ಬೆತ್’: ಗೊತ್ತಿದ್ದವರು ದಾರಿ ಹೇಳಿ

ಪ್ರಶ್ನೆ (ಬದಿಯಡ್ಕ): ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಗಳಿಗೆ ಈಗ ಇಂಗ್ಲಿಷಿನಲ್ಲಿ ಷೇಕ್ಸ್‌ಪಿಯರನ ನಾಟಕ ‘ಮ್ಯಾಕ್‌ಬೆತ್’ ಉಂಟು. ಕಥೆ ಗೊತ್ತು. ಸಾಲು ಕೊಟ್ಟು ತಂತ್ರ ಯಾವುದೆಂದರೆ ‘ಸಿಮಿಲಿ’ (ಉಪಮೆ), ‘ಮೆಟಫರ್’ (ರೂಪಕ) ಎಂದು ಹೆಸರು ಬರೆದು ನಿಲ್ಲಿಸುತ್ತಾಳೆ. ಐಯಾಂಬಿಕ್ ಪೆಂಟಾಮೀಟರ್ ಅಂತೂ ತಲೆಗೇ ಹೋಗುವುದಿಲ್ಲ.

ಮಂಜೇಶ್ವರದಿಂದ: ಲಘು-ಗುರು ಹಾಕಲಿಕ್ಕೆ ಬರುತ್ತದಲ್ಲ, ಅಲ್ಲಿಂದಲೇ ಹಿಡಿಯಿರಿ. ಐಯಾಂಬ್ ಅಂದರೆ ಒಂದು ಲಘು, ಒಂದು ಗುರು. ಅಂಥ ಐದು ಜೋಡಿ ಸೇರಿದರೆ ಪೆಂಟಾಮೀಟರ್, ಹತ್ತು ಸಿಲಬಲ್ (ಉಚ್ಚಾರದ ತುಂಡು). ಆದರೆ ನಮ್ಮ ಗುರು ಮಾತ್ರೆಯ ಲೆಕ್ಕ, ಅಲ್ಲಿಯದ್ದು ಒತ್ತಿನ, ಅಂದರೆ ಗಟ್ಟಿಯಾಗಿ ಹೇಳುವ ಸ್ಟ್ರೆಸ್‌ನ ಲೆಕ್ಕ. ದೀರ್ಘ ಕಂಡಲ್ಲೆಲ್ಲ ಗುರು ಹಾಕುವುದೇ ಮಕ್ಕಳು ಮಾಡುವ ತಪ್ಪು. ಐದನೇ ಅಂಕ, ಐದನೇ ದೃಶ್ಯದ ‘ಟುಮಾರೋ, ಆಂಡ್ ಟುಮಾರೋ, ಆಂಡ್ ಟುಮಾರೋ’ ತೆಗೆದುಕೊಳ್ಳಿ. ಮೊದಲು ಬರೀ ಸಿಲಬಲ್ ಎಣಿಸಲಿ: 11. ಆಮೇಲೆ ಮೇಜು ತಟ್ಟುತ್ತಾ ಗಟ್ಟಿಯಾಗಿ ಓದಲಿ. ಪೆಟ್ಟು ಬೀಳುವುದು ಮಾ, ಆಂಡ್, ಮಾ, ಆಂಡ್, ಮಾ ಎಂಬ ಐದು ಕಡೆ. ಕೊನೆಯ ‘ರೋ’ ದೀರ್ಘವಾದರೂ ಒತ್ತಿಲ್ಲ, ಲೆಕ್ಕಕ್ಕಿಂತ ಹೆಚ್ಚಿನದು. ಸಾಲು ಮುಗಿದ ಹಾಗೇ ಆಗುವುದಿಲ್ಲ, ಅದನ್ನು ಹೇಳುವ ಮ್ಯಾಕ್‌ಬೆತ್‌ನ ದಿನಗಳ ಹಾಗೆ ಎಳೆಯುತ್ತಾ ಹೋಗುತ್ತದೆ. ‘ಪರಿಣಾಮವೇನು’ ಎಂದು ಕೇಳಿದಾಗ ಬರೆಯಬೇಕಾದ್ದು ಇದನ್ನೇ.

ಮಾಟಗಾತಿಯರದ್ದು ತಿರುಗುಮುರುಗು. ‘ಡಬಲ್, ಡಬಲ್, ಟಾಯ್ಲ್ ಆಂಡ್ ಟ್ರಬಲ್’ ಗುರು-ಲಘುವಿನ ನಾಲ್ಕು ಜೋಡಿ. ಮನುಷ್ಯರ ಮಾತಿನ ಲಯವೇ ಅಲ್ಲ ಅದು.

ಕುಂಬಳೆಯಿಂದ: ‘ಸ್ವಗತ’ ಎಂಬ ಶಬ್ದದಲ್ಲಿ ಎಡವಬೇಡಿ. ಹಳೆಯ ನಾಟಕಗಳಲ್ಲಿ ಆವರಣದೊಳಗೆ ಸ್ವಗತ ಎಂದಿದ್ದರೆ, ಪಕ್ಕದಲ್ಲಿರುವವರಿಗೆ ಕೇಳದ ಹಾಗೆ ಆಡುವ ಮಾತು. ಇಂಗ್ಲಿಷಿನಲ್ಲಿ ಅದು ಅಸೈಡ್. ಸಾಲಿಲೊಕ್ವಿಯನ್ನೂ ನಾವು ಸ್ವಗತ ಎಂದೇ ಅನುವಾದಿಸುವುದರಿಂದ ಎರಡೂ ಕಲಸಿಹೋಗುತ್ತವೆ. ರಂಗದಲ್ಲಿ ಬೇರೆ ಯಾರಿದ್ದಾರೆ ನೋಡಿ. ಒಂದನೇ ಅಂಕದ ಮೂರನೇ ದೃಶ್ಯದಲ್ಲಿ ಬ್ಯಾಂಕೋ ಮೊದಲಾದವರು ಅಲ್ಲೇ ಇರುವಾಗ ಮ್ಯಾಕ್‌ಬೆತ್ ಗೊಣಗುವುದು ಅಸೈಡ್. ಏಳನೇ ದೃಶ್ಯದ ಆರಂಭದಲ್ಲಿ ಒಬ್ಬನೇ ನಿಂತು ಆಡುವುದು ಸಾಲಿಲೊಕ್ವಿ.

ಸಾಲಿಲೊಕ್ವಿಯನ್ನು ತಾಳಮದ್ದಳೆಯ (ವೇಷವಿಲ್ಲದೆ ಕೂತು ಮಾತಾಡುವ ಯಕ್ಷಗಾನದ) ಪೀಠಿಕೆಗೆ ಹೋಲಿಸುವುದುಂಟು, ಅದು ಅರ್ಧ ಮಾತ್ರ ಸರಿ. ಪೀಠಿಕೆಯಲ್ಲಿ ಪಾತ್ರ ತನ್ನ ನಿಲುವನ್ನು ಸಭೆಗೆ ಹೇಳುತ್ತದೆ. ಏಳನೇ ದೃಶ್ಯದ ಮ್ಯಾಕ್‌ಬೆತ್‌ಗೆ ನಿಲುವೇ ಇಲ್ಲ. ರಾಜ ಡಂಕನ್‌ಗೆ ತಾನು ಬಂಧು, ಪ್ರಜೆ, ಆತಿಥ್ಯ ಕೊಟ್ಟವನು ಎಂದು ಕೊಲ್ಲದಿರಲು ಕಾರಣ ಎಣಿಸುತ್ತಾನೆ. ಕೊಲ್ಲಲು ಮಹತ್ವಾಕಾಂಕ್ಷೆ ಬಿಟ್ಟು ಬೇರೆ ಏನೂ ಇಲ್ಲ ಎಂದು ಒಪ್ಪುತ್ತಾನೆ. ‘ಟ್ರಾಜಿಕ್ ಫ್ಲಾ’ (ನಾಯಕನನ್ನು ಕೆಡಿಸುವ ಅವನದೇ ದೋಷ) ಪ್ರಶ್ನೆಗೆ ಇದೇ ಭಾಗ ಸಾಕು. ಮಾಟಗಾತಿಯರೇ ಅವನನ್ನು ಕೆಡಿಸಿದರು ಎಂದು ಬರೆದರೆ ಉತ್ತರ ಕುಂಟುತ್ತದೆ, ಕೊಲ್ಲು ಎಂದು ಅವರು ಹೇಳಿಯೇ ಇಲ್ಲ.

ಕಾಸರಗೋಡಿನಿಂದ: ಉತ್ತರ ಬರೆಯುವ ಕ್ರಮ ಹೇಳುತ್ತೇನೆ. ಸಾಲಿನ ಎರಡು-ಮೂರು ಶಬ್ದ ಎತ್ತಿ ಬರೆಯಬೇಕು, ತಂತ್ರದ ಹೆಸರು ಹೇಳಬೇಕು, ಆ ಶಬ್ದವೇ ಏಕೆ ಎಂದು ವಿವರಿಸಬೇಕು. ಲೇಡಿ ಮ್ಯಾಕ್‌ಬೆತ್ ಗಂಡನಿಗೆ ಹೇಳುವ ‘ಲುಕ್ ಲೈಕ್ ದ ಇನೊಸೆಂಟ್ ಫ್ಲವರ್, ಬಟ್ ಬಿ ದ ಸರ್ಪೆಂಟ್’ ನೋಡಿ. ಮುಗ್ಧ ಹೂವಿನಂತೆ ಕಾಣು, ಇದು ಉಪಮೆ. ಸರ್ಪವೇ ಆಗು, ಇದು ರೂಪಕ. ತೋರಿಕೆಗೆ ‘ಅಂತೆ’, ನಿಜಕ್ಕೆ ‘ಆಗು’. ಇಡೀ ಸಾಲಿಗೆ ‘ಸಿಮಿಲಿ’ ಎಂದು ಬರೆದವರಿಗೆ ಈ ವ್ಯತ್ಯಾಸವೇ ತಪ್ಪಿಹೋಗುತ್ತದೆ.

ನಾಟಕೀಯ ವ್ಯಂಗ್ಯಕ್ಕೆ (ಪಾತ್ರಕ್ಕೆ ಗೊತ್ತಿಲ್ಲದ್ದು ನೋಡುವವರಿಗೆ ಗೊತ್ತಿರುವುದು) ಒಂದನೇ ಅಂಕದ ನಾಲ್ಕನೇ ದೃಶ್ಯ. ಮುಖ ನೋಡಿ ಮನಸ್ಸು ತಿಳಿಯುವ ವಿದ್ಯೆ ಇಲ್ಲ, ದ್ರೋಹ ಬಗೆದ ಆ ಕಾಡರ್‌ನ ಒಡೆಯನನ್ನು ಪೂರ್ತಿ ನಂಬಿದ್ದೆ ಎಂದು ಡಂಕನ್ ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಮ್ಯಾಕ್‌ಬೆತ್ ಪ್ರವೇಶ. ಈಗ ಆ ಪದವಿ ಯಾರದ್ದು? ಮ್ಯಾಕ್‌ಬೆತ್‌ನದ್ದೇ. ಹಾಗಾಗಿ ರಂಗಸೂಚನೆಗಳನ್ನು ಹಾರಿಸಿ ಓದಬಾರದು.

ಪ್ರಶ್ನೆ ಕೇಳಿದವರು: ಡಿವಿಜಿಯವರ ಅನುವಾದ ಓದಿಸಬಹುದಾ?

ಮಂಜೇಶ್ವರದಿಂದ: ಧಾರಾಳ, ಅರ್ಥಕ್ಕೆ. ಲಯದ ಪ್ರಶ್ನೆಗೆ ಮಾತ್ರ ಮೂಲವೇ ಬೇಕು. ಇನ್ನೊಂದು: ಲೇಡಿ ಮ್ಯಾಕ್‌ಬೆತ್ ನಿದ್ದೆಯಲ್ಲಿ ನಡೆಯುವ ದೃಶ್ಯದಲ್ಲಿ ಹತ್ತು ಸಿಲಬಲ್ ಹುಡುಕುತ್ತಾ ಕೂರುವುದು ಬೇಡ, ಅವಳ ಮಾತು ಅಲ್ಲಿ ಗದ್ಯ.