ಪೂರ್ಣ ಅರಿವಳಿಕೆಗೆ ಮುನ್ನ ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಏಕೆ?

ಪ್ರಶ್ನೆ: ಸೋಮವಾರಪೇಟೆಯ ಬೆಳೆಗಾರ

ನನ್ನ ತಾಯಿಗೆ 68 ವರ್ಷ. ಸ್ತನದಲ್ಲಿರುವ ಸಣ್ಣ ಗಂಟನ್ನು ತೆಗೆಯಲು ಮುಂದಿನ ವಾರ ಮಡಿಕೇರಿಯಲ್ಲಿ ಶಸ್ತ್ರಚಿಕಿತ್ಸೆಯಿದೆ. ಅವರಿಗೆ ರಕ್ತದೊತ್ತಡವಿದೆ, ಮಳೆಗಾಲದಲ್ಲಿ ಉಬ್ಬಸವೂ ಕಾಡುತ್ತದೆ. ಶ್ವಾಸನಾಳದೊಳಗೆ ಕೊಳವೆ ಇಳಿಸುವ ಬದಲು ಗಂಟಲಿನಲ್ಲಿ ಕೂರುವ ಲಾರಿಂಜಿಯಲ್ ಮಾಸ್ಕ್ ಬಳಸುವುದಾಗಿಯೂ, ಅದಕ್ಕೆ ಮೊದಲು ಗಂಟಲಿಗೆ ಲಿಗ್ನೋಕೇನ್ ಸ್ಪ್ರೇ ಕೊಡುವುದಾಗಿಯೂ ಅರಿವಳಿಕೆ ತಜ್ಞರು ತಿಳಿಸಿದರು. ಹೇಗೂ ಪ್ರಜ್ಞೆ ಇಲ್ಲದಿರುವವರ ಗಂಟಲನ್ನು ಮರಗಟ್ಟಿಸುವ ಅಗತ್ಯವೇನು?

ಉತ್ತರ 1: ಅರಿವಳಿಕೆ ವೈದ್ಯೆ, ಮಡಿಕೇರಿ

ಪ್ರಜ್ಞೆ ಹೋಗುವುದೂ ಗಂಟಲಿನ ಪ್ರತಿವರ್ತನೆಗಳು ಅಡಗುವುದೂ ಒಂದೇ ಹೊತ್ತಿಗೆ ಆಗುವುದಿಲ್ಲ. ಕಣ್ಣು ಮುಚ್ಚಿ, ಕರೆದರೆ ಓಗೊಡದ ಸ್ಥಿತಿಯಲ್ಲಿಯೂ ಮಾಸ್ಕ್ ನಾಲಿಗೆಯ ಬುಡವನ್ನು ದಾಟುವಾಗ ಕೆಮ್ಮು, ಓಕರಿಕೆ, ಕೆಲವೊಮ್ಮೆ ಧ್ವನಿಪೆಟ್ಟಿಗೆಯೇ ಬಿಗಿದುಕೊಳ್ಳುವ ಸೆಳೆತ ಉಂಟಾಗಬಹುದು. ಪ್ರಜ್ಞೆ ತಪ್ಪಿಸಲು ರಕ್ತನಾಳಕ್ಕೆ ಕೊಡುವ ಪ್ರೊಪೊಫಾಲ್ ಔಷಧವನ್ನು ಹೆಚ್ಚು ಕೊಟ್ಟರೆ ಇವನ್ನು ಅಡಗಿಸಬಹುದು. ಆರೋಗ್ಯವಂತ ವಯಸ್ಕರಿಗೆ ಕಿಲೋ ತೂಕಕ್ಕೆ 2ರಿಂದ 2.5 ಮಿಲಿಗ್ರಾಂ ಕೊಡುವುದು ವಾಡಿಕೆ. ಆದರೆ ನಿಮ್ಮ ತಾಯಿಯ ವಯಸ್ಸಿನವರಿಗೆ, ಅದರಲ್ಲೂ ರಕ್ತದೊತ್ತಡಕ್ಕೆ ಮಾತ್ರೆ ತೆಗೆದುಕೊಳ್ಳುವವರಿಗೆ, ಅಷ್ಟು ಪ್ರಮಾಣವು ಒತ್ತಡವನ್ನು ಅಪಾಯಕರವಾಗಿ ಕುಸಿಯುವಂತೆ ಮಾಡಬಲ್ಲದು. ಗಂಟಲು ಮೊದಲೇ ಮರಗಟ್ಟಿದ್ದರೆ ಕಡಿಮೆ ಪ್ರೊಪೊಫಾಲ್‌ನಲ್ಲಿ ಮಾಸ್ಕ್ ಸಲೀಸಾಗಿ ಕೂರುತ್ತದೆ. ನನ್ನ ಮಟ್ಟಿಗೆ ಸ್ಪ್ರೇಯ ನಿಜವಾದ ಪ್ರಯೋಜನ ಇದೇ.

ಶೇಕಡ 10ರ ಸ್ಪ್ರೇಯಲ್ಲಿ ಒಂದು ಒತ್ತಿಗೆ 10 ಮಿಲಿಗ್ರಾಂ ಔಷಧ ಬರುತ್ತದೆ. ರುಚಿ ಕಹಿ. ಒಂದೆರಡು ನಿಮಿಷ ಕಾದರೆ ಮಾತ್ರ ಅದು ಕೆಲಸ ಮಾಡುತ್ತದೆ. ಆತುರಪಟ್ಟರೆ ಕೊಟ್ಟದ್ದು ವ್ಯರ್ಥ.

ಉತ್ತರ 2: ಅರಿವಳಿಕೆ ವೈದ್ಯ, ಮೂಲ ವಿರಾಜಪೇಟೆ

ಮೇಲಿನ ವಿವರಣೆಯನ್ನು ಒಪ್ಪುತ್ತೇನೆ, ಆದರೆ ಎಲ್ಲರಿಗೂ ಸ್ಪ್ರೇ ಬೇಕೆಂದೇನಿಲ್ಲ. ಪ್ರೊಪೊಫಾಲ್ ಜೊತೆಗೆ ಪ್ರಬಲ ನೋವುನಿವಾರಕವಾದ ಫೆಂಟನಿಲ್ ಸ್ವಲ್ಪ ಕೊಟ್ಟು ಸಾಕಷ್ಟು ಹೊತ್ತು ಕಾಯುವುದೇ ಬಹುಪಾಲು ರೋಗಿಗಳಿಗೆ ಸಾಕು. ಕೆಲವರು ಲಿಗ್ನೋಕೇನನ್ನೇ ಕಿಲೋಗೆ 1.5 ಮಿಲಿಗ್ರಾಂನಂತೆ ರಕ್ತನಾಳಕ್ಕೆ ಕೊಡುತ್ತಾರೆ. ಮಾಸ್ಕ್‌ಗೆ ಲಿಗ್ನೋಕೇನ್ ಜೆಲ್ಲಿ ಸವರುವ ಅಭ್ಯಾಸವನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಶಸ್ತ್ರಚಿಕಿತ್ಸೆ ಮುಗಿದು ಎಚ್ಚರಗೊಳ್ಳುವಾಗ ಗಂಟಲಿನ ರಕ್ಷಕ ಪ್ರತಿವರ್ತನೆಗಳು ಮರಳುವುದನ್ನು ಅದು ತಡಮಾಡಬಹುದು. ಜಾರಿಸಲು ನೀರಿನಲ್ಲಿ ಕರಗುವ ಸಾಮಾನ್ಯ ಜೆಲ್ಲಿಯೇ ಸಾಕು.

ಉಬ್ಬಸದ ವಿಷಯವನ್ನು ತಜ್ಞರಿಗೆ ಸ್ಪಷ್ಟವಾಗಿ ಹೇಳಿದ್ದೀರಾ? ಇಂಥವರಲ್ಲಿ ಸ್ಪ್ರೇ ಸ್ವತಃ ಕೆಮ್ಮು ಎಬ್ಬಿಸಿ ಶ್ವಾಸನಾಳಗಳನ್ನು ಬಿಗಿಸಬಹುದು. ಹಾಗೆಂದು ನಿರಾಕರಿಸಬೇಡಿ, ಮೊದಲೇ ಶ್ವಾಸನಾಳಗಳನ್ನು ಸಡಿಲಿಸುವ ಸಾಲ್ಬುಟಮಾಲ್ ಇನ್‌ಹೇಲರ್ ಕೊಟ್ಟರೆ ಆ ಸಾಧ್ಯತೆ ತಗ್ಗುತ್ತದೆ.

ಪ್ರಶ್ನೆ ಕೇಳಿದವರು

ಉಬ್ಬಸ ಮಳೆಗಾಲದಲ್ಲಷ್ಟೇ ಇರುವುದರಿಂದ ಅದನ್ನು ನಾವು ಹೇಳಿರಲಿಲ್ಲ. ನಾಳೆಯೇ ತಿಳಿಸುತ್ತೇನೆ. ಮನೆಯವರು ಬೇರೇನನ್ನು ಗಮನಿಸಬೇಕು?

ಉತ್ತರ 3: ಶುಶ್ರೂಷಕಿ, ಚೇತರಿಕೆ ವಿಭಾಗ

ಹಲ್ಲು ಕೀಳುವಾಗ ಕೊಡುವ ಚುಚ್ಚುಮದ್ದು ಸಾಮಾನ್ಯವಾಗಿ ಇದೇ ಲಿಗ್ನೋಕೇನ್. ಆಗ ಏನಾದರೂ ತೊಂದರೆಯಾಗಿತ್ತೇ ಎಂದು ತಾಯಿಯನ್ನು ಕೇಳಿ. ಉಪವಾಸದ ವಿಷಯದಲ್ಲಿ ನಮ್ಮ ಕಡೆಯ ಗೊಂದಲವೆಲ್ಲ ಕಾಫಿಯದ್ದು: ಹಾಲು ಬೆರೆಸಿದ ಕಾಫಿಯನ್ನು ಆಹಾರವೆಂದೇ ಎಣಿಸಿ 6 ಗಂಟೆ ಮೊದಲೇ ನಿಲ್ಲಿಸಬೇಕು. ನೀರಿಗೂ ಹಾಲಿಲ್ಲದ ಬೆಲ್ಲದ ಕಾಫಿಗೂ ಸಾಮಾನ್ಯವಾಗಿ 2 ಗಂಟೆಯ ನಿಯಮವಿದೆ, ಆದರೂ ನಿಮ್ಮ ವೈದ್ಯರು ಹೇಳಿದ್ದೇ ಅಂತಿಮ.

ಎಚ್ಚರವಾದ ಮೇಲೆ ಅವರು ಏನಾದರೂ ಕುಡಿಯಲು ಕೇಳುತ್ತಾರೆ. ಮರಗಟ್ಟಿದ ಗಂಟಲಿನಲ್ಲಿ ನುಂಗಿದ್ದು ಶ್ವಾಸನಾಳಕ್ಕೆ ಇಳಿಯಬಹುದು, ಬಿಸಿ ತಗುಲಿದರೂ ಅರಿವಾಗದು. ಆದ್ದರಿಂದ ದಾದಿಯರು ಒಪ್ಪುವವರೆಗೆ ಏನನ್ನೂ ಕೊಡಬೇಡಿ. ಮೊದಲು ನೆಟ್ಟಗೆ ಕೂರಿಸಿ ಒಂದು ಗುಟುಕು ತಣ್ಣನೆಯ ನೀರು, ಕೆಮ್ಮದೆ ನುಂಗಿದರೆ ಮಾತ್ರ ಉಳಿದದ್ದು.