ಗಾಳಿಯಿಲ್ಲದ ಮಣ್ಣಿನಲ್ಲಿ ಸೊರಗು ರೋಗ ಅಡಗುತ್ತದೆಯೇ? ಮಾಡಿ ನೋಡಿದವರು ಹೇಳಿ

ಕೇಳಿದವರು:
ಹಸಿರುಮನೆಯಲ್ಲಿ ಒಂದೇ ಜಾಗದಲ್ಲಿ ಟೊಮೆಟೊ ಬೆಳೆಯುತ್ತಿದ್ದೇನೆ. ಕಾಯಿ ಕಟ್ಟುವ ಹೊತ್ತಿಗೆ ಗಿಡಗಳು ಎಲೆ ಹಳದಿಯಾಗುವ ಮೊದಲೇ ಬಾಡಿ ಬೀಳುತ್ತವೆ. ಕಾಂಡ ಕತ್ತರಿಸಿ ನೀರಿನಲ್ಲಿ ಇಳಿಬಿಟ್ಟರೆ ಬಿಳಿಯ ಎಳೆ ಇಳಿಯುತ್ತದೆ, ಅಂದರೆ ದುಂಡಾಣು ಸೊರಗು ರೋಗ. ಮಣ್ಣಿಗೆ ತೌಡು ಬೆರೆಸಿ, ನೀರುಣಿಸಿ, ಪ್ಲಾಸ್ಟಿಕ್ ಹೊದಿಸಿ ಆಮ್ಲಜನಕ ಇಲ್ಲದಂತೆ ಮಾಡುವ ಪದ್ಧತಿಯ ಬಗ್ಗೆ ಓದಿದೆ. ಹಾಗೆ ಮಾಡಿದರೆ ಒಳ್ಳೆಯ ಸೂಕ್ಷ್ಮಜೀವಿಗಳೂ ಸಾಯುವುದಿಲ್ಲವೇ?

ಹಸಿರುಮನೆ ಬೆಳೆಗಾರ:
ಎಲ್ಲರೂ ಮೊದಲು ವಿಚಾರಿಸುವುದು ಪ್ಲಾಸ್ಟಿಕ್ ಹಾಳೆಯ ಬಗ್ಗೆ. ನನ್ನನ್ನು ಕೇಳಿದರೆ ಮುಕ್ಕಾಲು ಪಾಲು ಕೆಲಸ ತೌಡಿನದು. ಸುಲಭವಾಗಿ ಕೊಳೆಯುವ ಆಹಾರ ಸಿಕ್ಕ ಕೂಡಲೇ ಮಣ್ಣಿನ ಸೂಕ್ಷ್ಮಜೀವಿಗಳು ಭರದಿಂದ ಹೆಚ್ಚಿ, ಇದ್ದ ಆಮ್ಲಜನಕವನ್ನು ಒಂದೆರಡು ದಿನಗಳಲ್ಲೇ ಬಳಸಿ ಮುಗಿಸುತ್ತವೆ. ಮಣ್ಣಿನ ರಂಧ್ರಗಳಲ್ಲಿ ನೀರು ತುಂಬಿರುವುದರಿಂದ, ಮೇಲೆ ಹೊದಿಕೆಯೂ ಇರುವುದರಿಂದ ಹೊಸ ಗಾಳಿ ಒಳಗೆ ಬರುವುದಿಲ್ಲ. ಆಹಾರ ಹಾಕದೆ ಬರೀ ಪ್ಲಾಸ್ಟಿಕ್ ಹೊದಿಸಿದರೆ ಅದು ಬಿಸಿಲಿನಿಂದ ಮಣ್ಣು ಕಾಯಿಸುವ ಪದ್ಧತಿಯಾಗುತ್ತದೆ. ಅದೂ ಒಳ್ಳೆಯದೇ, ಆದರೆ ಅದಕ್ಕೆ ಬಿರುಬಿಸಿಲು ಬೇಕು.

ಹೆಚ್ಚು ಬಳಕೆಯಲ್ಲಿರುವ ಪ್ರಮಾಣ ಹೆಕ್ಟೇರಿಗೆ 20 ಟನ್ ಅಕ್ಕಿ ತೌಡು, ಅಂದರೆ ಚದರ ಮೀಟರಿಗೆ 2 ಕಿಲೋ. ಇದನ್ನು 15ರಿಂದ 20 ಸೆಂಟಿಮೀಟರ್ ಆಳದವರೆಗೆ ಸಮನಾಗಿ ಬೆರೆಸಬೇಕು. ಅಂದೇ ಹೊದಿಸಿ, ಅಂದೇ ನೀರು ಕೊಡಬೇಕು. ಬೆಚ್ಚಗಿನ ಕಾಲದಲ್ಲಿ ಮೂರು ವಾರ ಸಾಕು, ತಂಪಿದ್ದರೆ ಆರು ವಾರಗಳವರೆಗೂ ಬಿಡಬೇಕಾಗುತ್ತದೆ. ಹಾಳೆಯ ಅಂಚನ್ನು ಸ್ವಲ್ಪ ಎತ್ತಿದಾಗ ಮೂಗು ಮುಚ್ಚಿಕೊಳ್ಳುವಂತಹ ಹುಳಿ ನಾತ ಬಂದರೆ ಕೆಲಸ ಸರಿಯಾಗಿ ನಡೆಯುತ್ತಿದೆ. ಹಸಿಮಣ್ಣಿನ ವಾಸನೆಯೇ ಬಂದರೆ ಎಲ್ಲೋ ಗಾಳಿ ನುಸುಳುತ್ತಿದೆ.

ಮಣ್ಣಿನ ಪ್ರಯೋಗಾಲಯದವರು:
ನಿಮ್ಮ ಮೂಲ ಪ್ರಶ್ನೆಗೆ ಬರುತ್ತೇನೆ. ಇದು ಮಣ್ಣನ್ನು ನಿರ್ಜೀವಗೊಳಿಸುವ ವಿಧಾನವಲ್ಲ. ಇಲ್ಲಿ ಆಗುವುದು ಅಧಿಕಾರ ಹಸ್ತಾಂತರ. ಗಾಳಿ ಬೇಕಾದ ಜೀವಿಗಳು ಹಿಂದೆ ಸರಿಯುತ್ತವೆ, ಕ್ಲಾಸ್ಟ್ರಿಡಿಯಂ ಬಗೆಯ ದುಂಡಾಣುಗಳು ಮುಂದೆ ಬರುತ್ತವೆ. ಇವು ತೌಡನ್ನು ಹುದುಗಿಸಿ ಅಸಿಟಿಕ್, ಬ್ಯುಟಿರಿಕ್, ಪ್ರೊಪಿಯಾನಿಕ್ ಆಮ್ಲಗಳನ್ನು ಉಂಟುಮಾಡುತ್ತವೆ. ನಾತಕ್ಕೆ ಇವುಗಳೇ ಕಾರಣ, ರೋಗಾಣುಗಳಿಗೆ ಏಟು ಕೊಡುವುದರಲ್ಲಿಯೂ ಇವುಗಳ ಪಾಲು ದೊಡ್ಡದು. ಡೈಮೀಥೈಲ್ ಡೈಸಲ್ಫೈಡ್‌ನಂತಹ ಗಂಧಕಯುಕ್ತ ಅನಿಲಗಳು ಹುಟ್ಟುತ್ತವೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಕರಗುವ ರೂಪಕ್ಕೆ ಇಳಿಯುತ್ತವೆ, ಅವೂ ಹಲವು ರೋಗಾಣುಗಳಿಗೆ ಮಾರಕ. ಯಾವುದೋ ಒಂದೇ ಅಂಶವನ್ನು ಮದ್ದು ಎಂದು ಹೆಸರಿಸುವವರನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆಮ್ಲಗಳು ಹುಳಿ ಮಣ್ಣಿನಲ್ಲಿ ಹೆಚ್ಚು ತೀಕ್ಷ್ಣ, ಏಕೆಂದರೆ ಅಲ್ಲಿ ಅವು ವಿಭಜನೆಯಾಗದ ರೂಪದಲ್ಲಿ ಉಳಿದು ಜೀವಕೋಶದೊಳಕ್ಕೆ ನುಗ್ಗುತ್ತವೆ. ಸುಣ್ಣದಂಶ ಹೆಚ್ಚಿರುವ ಮಣ್ಣಿನಲ್ಲಿ ಅದೇ ಪ್ರಮಾಣದ ಆಮ್ಲದ ಬಲ ಕುಗ್ಗುತ್ತದೆ.

ಹಾಳೆ ತೆಗೆದ ಮೇಲೆ ಗಾಳಿ ಬೇಕಾದ ಜೀವಿಗಳು ಮರಳಿ ಬರುತ್ತವೆ, ಆದರೆ ಹಳೆಯ ಲೆಕ್ಕದಲ್ಲಲ್ಲ. ಬ್ಯಾಸಿಲಸ್‌ನಂತಹ ಬೀಜಕ ಕಟ್ಟುವ ದುಂಡಾಣುಗಳು ಈ ಕಾಲವನ್ನು ದಾಟಿ ಉಳಿಯುತ್ತವೆ. ಅನೇಕ ಸಲ ಹೊಸ ಸಮುದಾಯವು ರೋಗಾಣು ಮತ್ತೆ ಬೇರೂರಲು ಸುಲಭಕ್ಕೆ ಜಾಗ ಕೊಡುವುದಿಲ್ಲ. ಅದು ಎಂತಹ ಸಮುದಾಯ ಎಂಬುದು ನೀವು ಹಾಕಿದ ಆಹಾರದ ಮೇಲೂ ನಿಂತಿದೆ. ತೌಡು ಹಾಕಿದ ಮಣ್ಣಿನ ಸೂಕ್ಷ್ಮಜೀವಿಗಳೂ ಎಥನಾಲ್ ಹಾಕಿದ ಮಣ್ಣಿನವೂ ಒಂದೇ ಆಗಿರುವುದಿಲ್ಲ.

ಸ್ಟ್ರಾಬೆರಿ ಬೆಳೆಯುವವರು:
ಈ ಪದ್ಧತಿ 2000ದ ಆಸುಪಾಸಿನಲ್ಲಿ ಜಪಾನ್ ಮತ್ತು ನೆದರ್‌ಲ್ಯಾಂಡ್ಸ್‌ನಲ್ಲಿ ಬೇರೆಬೇರೆಯಾಗಿಯೇ ರೂಪುಗೊಂಡಿತು. ಓಜೋನ್ ಪದರ ಉಳಿಸುವ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮಣ್ಣಿನ ರೋಗಾಣು ಕೊಲ್ಲಲು ಬಳಸುತ್ತಿದ್ದ ಮೀಥೈಲ್ ಬ್ರೋಮೈಡ್ ಅನಿಲವನ್ನು ಕೈಬಿಡಬೇಕಾಗಿ ಬಂದಾಗ ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ ಹೊಲಗಳಲ್ಲಿಯೂ ಇದರ ಪ್ರಯೋಗ ನಡೆಯಿತು. ಅಲ್ಲಿಂದ ಬಂದ ಒಂದು ಎಚ್ಚರಿಕೆ ನಿಮಗೂ ಸಲ್ಲುತ್ತದೆ: ರೋಗ ಯಾವುದೆಂದು ಖಚಿತಪಡಿಸಿಕೊಳ್ಳದೆ ತೌಡು ಹಾಕಬೇಡಿ. ಸೊರಗು ತರುವ ಶಿಲೀಂಧ್ರಗಳಲ್ಲಿ ವರ್ಟಿಸಿಲಿಯಂ ಸಾಧಾರಣ ಬೆಚ್ಚಗಿನ ಮಣ್ಣಿನಲ್ಲಿಯೂ ಮಣಿಯುತ್ತದೆ. ಫ್ಯುಸೇರಿಯಂ ಹಾಗಲ್ಲ, ಅದಕ್ಕೆ ಮಣ್ಣಿನ ತಾಪಮಾನ 30 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಬೇಕು. ತಂಪು ಮಣ್ಣಿನಲ್ಲಿ ಅದು ಸಾಯುವ ಮಾತಿರಲಿ, ನೀವು ಹಾಕಿದ ತೌಡನ್ನೇ ತಿಂದು ಕೊಬ್ಬಬಹುದು. ವೆಚ್ಚ ಮಾಡಿ ರೋಗಕ್ಕೆ ಊಟ ಹಾಕಿದಂತಾಗುತ್ತದೆ.

ಅಳೆಯಲು ಉಪಕರಣವಿದ್ದರೆ ಮಣ್ಣಿನ ರೆಡಾಕ್ಸ್ ವಿಭವ (ಆಮ್ಲಜನಕ ಕಡಿಮೆಯಾದಂತೆ ಇಳಿಯುವ ಅಳತೆ) 200 ಮಿಲಿವೋಲ್ಟ್‌ಗಿಂತ ಕೆಳಗೆ ಇಳಿದು, ಅಲ್ಲಿಯೇ ಬಹಳ ಹೊತ್ತು ನಿಲ್ಲುತ್ತದೆಯೇ ನೋಡಿ. ಒಂದು ದಿನ ಇಳಿದು ಮತ್ತೆ ಏರಿದರೆ ಪ್ರಯೋಜನವಿಲ್ಲ.

ಮರಳು ಮಣ್ಣಿನ ಬೆಳೆಗಾರ:
ನಮ್ಮಲ್ಲಿ ಇದು ಅಷ್ಟು ಸರಾಗವಾಗಿ ನಡೆಯುವುದಿಲ್ಲ. ನೀರು ಬೇಗ ಬಸಿದುಹೋಗಿ ಗಾಳಿ ಮತ್ತೆ ಸೇರಿಕೊಳ್ಳುತ್ತದೆ. ಹಾಳೆಯ ಕೆಳಗೆ ಹನಿ ನೀರಾವರಿ ಕೊಳವೆ ಇಟ್ಟು ನಡುನಡುವೆ ನೀರು ಕೊಡುವುದೇ ನಾನು ಕಂಡ ದಾರಿ.

ಹಸಿರುಮನೆ ಬೆಳೆಗಾರ:
ನಿಮ್ಮದು ದುಂಡಾಣು ಸೊರಗು ಆಗಿರುವುದರಿಂದ ಆಳದ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ತೌಡು ಬೆರೆತಷ್ಟು ಆಳಕ್ಕೆ ಮಾತ್ರ ಪರಿಣಾಮ ಗಟ್ಟಿ. ಕೆಳಗಿನ ಪದರದಲ್ಲಿ ಉಳಿದ ದುಂಡಾಣು ಬೇರು ಇಳಿದಾಗ ಮತ್ತೆ ಸಿಗುತ್ತದೆ. ಅದಕ್ಕಾಗಿ ನೀರಿನೊಂದಿಗೆ ಕೆಳಗಿಳಿಯುವ ಕಾಕಂಬಿಯನ್ನು ಬಳಸುತ್ತಾರೆ. ಜಪಾನಿನಲ್ಲಿ ಶೇಕಡಾ 1ರ ಆಸುಪಾಸಿನ ತೆಳು ಎಥನಾಲ್ ದ್ರಾವಣವನ್ನೂ ಬಳಸಿದ್ದಾರೆ.

ಕೇಳಿದವರು:
ಹಾಳೆ ತೆಗೆದ ಎಷ್ಟು ದಿನಕ್ಕೆ ಸಸಿ ನೆಡಬಹುದು? ಗೊಬ್ಬರ ಎಂದಿನಂತೆಯೇ ಕೊಡಬೇಕೇ?

ಮಣ್ಣಿನ ಪ್ರಯೋಗಾಲಯದವರು:
ಉಳಿದ ಆಮ್ಲಗಳು ಎಳೆಯ ಬೇರನ್ನೂ ಸುಡುತ್ತವೆ. ಒಂದೆರಡು ವಾರ ಮಣ್ಣು ಸಡಿಲಿಸಿ ಗಾಳಿಯಾಡಲು ಬಿಡಿ. ನಾತ ಪೂರ್ತಿ ಹೋದ ಮೇಲೆ ಒಂದು ಕುಂಡದಲ್ಲಿ ಆ ಮಣ್ಣು ತುಂಬಿ ಮೂಲಂಗಿ ಬೀಜ ಹಾಕಿ ನೋಡಿ, ಸರಿಯಾಗಿ ಮೊಳೆತರೆ ನೆಡಬಹುದು. ತೌಡಿನಲ್ಲಿ ಸಾರಜನಕ ಸಾಕಷ್ಟಿದೆ, ಹಾಗಾಗಿ ಮೂಲಗೊಬ್ಬರ ಕಡಿಮೆ ಮಾಡಿ. ಒಣಹುಲ್ಲು ಅಥವಾ ಕಾಕಂಬಿ ಬಳಸಿದ್ದರೆ ಲೆಕ್ಕ ತಿರುಗುಮುರುಗು: ಸೂಕ್ಷ್ಮಜೀವಿಗಳೇ ಸಾರಜನಕ ಹಿಡಿದಿಟ್ಟುಕೊಂಡು ಗಿಡಗಳು ಮೊದಲ ವಾರಗಳಲ್ಲಿ ಬಿಳಿಚಿಕೊಳ್ಳುತ್ತವೆ. ಮಣ್ಣು ಪರೀಕ್ಷೆ ಮಾಡಿಸುವುದಿದ್ದರೆ ಹಾಳೆ ತೆಗೆದ ನಂತರ ಮಾಡಿಸಿ, ಮೊದಲಿನ ವರದಿ ಆಗ ಕೆಲಸಕ್ಕೆ ಬರುವುದಿಲ್ಲ.