ಗ್ಯಾರೇಜಿನ ಶಟರ್ ಸ್ಪ್ರಿಂಗ್ ತುಂಡಾಗಿದೆ, ಕಾರು ಒಳಗಿದೆ: ಅನುಭವವಿದ್ದವರು ತಿಳಿಸಬೇಕು

ಪ್ರಶ್ನೆ: ಟಿಳಕವಾಡಿ, ಬೆಳಗಾವಿ

ನಮ್ಮ ಮನೆಯ ಕೆಳಗಿನ ಗ್ಯಾರೇಜಿಗೆ 10 ಅಡಿ ಅಗಲ, 8 ಅಡಿ ಎತ್ತರದ, ಕೈಯಿಂದ ಎತ್ತುವ ಕಬ್ಬಿಣದ ಶಟರ್ ಇದೆ. ಮೊನ್ನೆ ರಾತ್ರಿ ಊಟ ಮುಗಿಸಿ ಕುಳಿತಿದ್ದಾಗ ಕೆಳಗಡೆ ಪಟಾಕಿ ಸಿಡಿದಂತಹ ಸದ್ದಾಯಿತು. ಬೆಳಿಗ್ಗೆ ಎತ್ತಲು ಹೋದರೆ ಬಲಗಡೆ ಗೇಣುದ್ದ ಏಳುತ್ತದೆ, ಎಡಗಡೆ ಕದಲುವುದೇ ಇಲ್ಲ. ನಾಡಿದ್ದು ತಂದೆಯವರನ್ನು ಆಸ್ಪತ್ರೆಗೆ ಕರೆದೊಯ್ಯಬೇಕಾಗಿದೆ, ಕಾರು ಒಳಗೆ ಸಿಕ್ಕಿಕೊಂಡಿದೆ. ಮೇಲಿನ ಬ್ರಾಕೆಟ್ಟಿನ ನಟ್ ಸಡಿಲಿಸಿ, ಪೈಪನ್ನು ಪಾನಾದಿಂದ ಎರಡು ಸುತ್ತು ತಿರುಗಿಸಿದರೆ ಶಟರ್ ಮತ್ತೆ ಹಗುರಾಗುತ್ತದೆ ಎಂದು ಪಕ್ಕದ ಮನೆಯವರು ಹೇಳುತ್ತಿದ್ದಾರೆ. ಅದನ್ನು ನಾನೇ ಮಾಡಬಹುದೇ?

ಉತ್ತರ: ಶಹಾಪುರ, ಬೆಳಗಾವಿ

ದಯವಿಟ್ಟು ಆ ನಟ್ ಮುಟ್ಟಬೇಡಿ. ನಿಮ್ಮ ಪಕ್ಕದ ಮನೆಯವರು ಹೇಳಿದ್ದನ್ನೇ ನಾಲ್ಕು ವರ್ಷಗಳ ಹಿಂದೆ ನನ್ನ ತಮ್ಮ ಮಾಡಲು ಹೋಗಿ ಬಲಗೈ ಮುರಿದುಕೊಂಡ. ಏಣಿಯ ಕೆಳಗೆ ನಾನೇ ನಿಂತಿದ್ದೆ, ಆದ್ದರಿಂದ ನಡೆದದ್ದನ್ನು ಇದ್ದಂತೆಯೇ ಬರೆಯುತ್ತೇನೆ.

ಕೈಯಿಂದ ಎತ್ತುವ ಶಟರಿನ ಮೇಲ್ಭಾಗದಲ್ಲಿ ಎರಡು ಬ್ರಾಕೆಟ್ಟುಗಳ ನಡುವೆ ಒಂದು ಪೈಪು ಇರುತ್ತದೆ. ಆ ಪೈಪು ತಿರುಗುವುದಿಲ್ಲ, ಅದನ್ನು ಎರಡೂ ತುದಿಗಳಲ್ಲಿ ನಟ್‌ಗಳಿಂದ ಬಿಗಿದಿರುತ್ತಾರೆ. ತಿರುಗುವುದು ಅದರ ಮೇಲೆ ಕೂತಿರುವ ಬೀಡುಕಬ್ಬಿಣದ ಪುಲಿಗಳು. ಶಟರಿನ ಪರದೆಯು, ಅಂದರೆ ಮೇಲೆ ಸುತ್ತಿಕೊಳ್ಳುವ ಕಬ್ಬಿಣದ ಪಟ್ಟಿಗಳ ಭಾಗವು, ಈ ಪುಲಿಗಳಿಗೆ ಜೋಡಣೆಯಾಗಿರುತ್ತದೆ, ಮತ್ತು ಸ್ಪ್ರಿಂಗಿನ ಒಂದು ತುದಿ ಪುಲಿಗೆ, ಇನ್ನೊಂದು ತುದಿ ಪೈಪಿಗೆ ಸಿಕ್ಕಿಸಲ್ಪಟ್ಟಿರುತ್ತದೆ. ಶಟರನ್ನು ಕೆಳಗೆ ಎಳೆದಷ್ಟೂ ಸ್ಪ್ರಿಂಗ್ ಬಿಗಿಯಾಗುತ್ತ ಹೋಗುವುದರಿಂದ, ಪೂರ್ತಿ ಮುಚ್ಚಿದ ಶಟರಿನಲ್ಲಿಯೇ ಅದು ಅತಿ ಹೆಚ್ಚು ಬಿಗಿಯಾಗಿರುತ್ತದೆ. ಯಾರೂ ಮುಟ್ಟದೆ ಇದ್ದಾಗಲೂ ರಾತ್ರಿ ಸ್ಪ್ರಿಂಗ್ ತುಂಡಾಗುವುದು ಇದೇ ಕಾರಣಕ್ಕೆ.

ನೀವು ಹೇಳಿದ ಲಕ್ಷಣದ ಪ್ರಕಾರ ಎಡಗಡೆಯ ಸ್ಪ್ರಿಂಗ್ ತುಂಡಾಗಿದೆ, ಬಲಗಡೆಯದು ಗಟ್ಟಿಯಾಗಿದೆ. ತುಂಡಾದ ಸ್ಪ್ರಿಂಗ್ ಇನ್ನು ಯಾರಿಗೂ ಏನೂ ಮಾಡಲಾರದು. ಅಪಾಯವಿರುವುದು ಗಟ್ಟಿಯಾಗಿರುವ ಇನ್ನೊಂದರಲ್ಲಿ. ನಟ್ ಸಡಿಲಿಸಿದ ಕ್ಷಣದಲ್ಲಿ ಪೈಪಿಗೆ ಹಿಡಿತ ತಪ್ಪುತ್ತದೆ, ಮುಚ್ಚಿದ ಶಟರಿನ ಪೂರ್ತಿ ಬಿಗಿಯನ್ನು ಹೊತ್ತಿರುವ ಆ ಸ್ಪ್ರಿಂಗ್ ಪೈಪನ್ನೇ ಗಿರ್ರನೆ ತಿರುಗಿಸುತ್ತದೆ. ನನ್ನ ತಮ್ಮ ಪೈಪಿಗೆ ಎರಡು ಅಡಿಯ ಪಾನಾ ಹಾಕಿ, ಇನ್ನೊಂದು ಕೈಯಿಂದ ನಟ್ ತಿರುಗಿಸುತ್ತಿದ್ದ. ಪಾನಾದ ಹಿಡಿಕೆ ತಿರುಗಿ ಬಂದು ಅವನ ಮುಂಗೈಗೆ ಬಡಿದದ್ದು ನನ್ನ ಕಣ್ಣಿಗೆ ಕಾಣಿಸಲೇ ಇಲ್ಲ, ಕಾಣಿಸಿದ್ದು ಅವನು ಏಣಿಯಿಂದ ಜಾರಿದ್ದು ಮಾತ್ರ. ಗೋಡೆಯಲ್ಲಿ ಆ ಪಾನಾ ಮಾಡಿದ ಗುಳಿ ಇವತ್ತಿಗೂ ಹಾಗೆಯೇ ಇದೆ, ನಾವು ಅದನ್ನು ಮುಚ್ಚಿಸಿಲ್ಲ.

ಬಲ್ಲವರು ಈ ಕೆಲಸವನ್ನು ಹೇಗೆ ಮಾಡುತ್ತಾರೆ ಎಂಬುದನ್ನು ಆಮೇಲೆ ನೋಡಿದೆ. ಅವರು ಮೊದಲು ಪರದೆಯನ್ನು ಮೇಲಕ್ಕೆ ಪೂರ್ತಿ ಸುತ್ತಿಸಿ, ಸುರುಳಿಯನ್ನು ಹಗ್ಗದಿಂದ ಬಿಗಿದು ಕಟ್ಟಿದರು. ಹಾಗೆ ಮಾಡಿದಾಗ ಸ್ಪ್ರಿಂಗಿನಲ್ಲಿ ಉಳಿಯುವುದು ಜೋಡಿಸುವಾಗ ಕೊಟ್ಟ ಬಿಗಿ ಅಷ್ಟೆ. ಬಳಿಕ ಇಬ್ಬರು ಎರಡು ಪಾನಾ ಹಾಕಿ, ಒಬ್ಬರು ಹಿಡಿದಿರುವಾಗ ಇನ್ನೊಬ್ಬರು ಕಾಲು ಸುತ್ತು, ಮತ್ತೆ ಕಾಲು ಸುತ್ತು ಎಂದು ಸಾವಕಾಶವಾಗಿ ಬಿಗಿಯನ್ನು ಬಿಟ್ಟುಕೊಟ್ಟರು. ಇಬ್ಬರೂ ಹಿಡಿಕೆಯ ಸಾಲಿನಲ್ಲಿ ಮುಖ ತರದಂತೆ ಪಕ್ಕಕ್ಕೆ ನಿಂತಿದ್ದರು. ಇದು ಕೈಗೆ ರೂಢಿಯಾಗಬೇಕಾದ ಕೆಲಸ, ಕೇಳಿ ತಿಳಿದುಕೊಂಡು ಮಾಡುವಂಥದ್ದಲ್ಲ.

ಇನ್ನು ಕಾರಿನ ವಿಷಯ. ತಂದೆಯವರ ಆಸ್ಪತ್ರೆಗೆ ಬಾಡಿಗೆ ಗಾಡಿ ಸಿಗುವಂತಿದ್ದರೆ ಅದನ್ನೇ ಕರೆಸಿ, ಶಟರನ್ನು ಇದ್ದಂತೆ ಬಿಡಿ ಎಂಬುದು ನನ್ನ ಸಲಹೆ. ತೆಗೆಯಲೇಬೇಕೆಂದರೆ ಭಾರದ ಲೆಕ್ಕ ತಿಳಿದಿರಲಿ: ನಿಮ್ಮ ಶಟರ್ ಸುಮಾರು 7.4 ಚದರ ಮೀಟರ್ ಆಗುತ್ತದೆ, 18 ಗೇಜಿನ ತಗಡು ಅಂದರೆ 1.25 ಮಿಲಿಮೀಟರ್ ದಪ್ಪದ್ದಾಗಿದ್ದರೆ ಬರೀ ಚಪ್ಪಟೆ ತಗಡೇ 70 ಕಿಲೋ ದಾಟುತ್ತದೆ, ಪಟ್ಟಿಗಳ ಮಡಿಕೆ, ಕೆಳಗಿನ ಲಾಕ್ ಪಟ್ಟಿ ಎಲ್ಲ ಸೇರಿದರೆ ಇನ್ನೂ ಹೆಚ್ಚು. ಬದಿಗೆ ಇಬ್ಬರಂತೆ ನಾಲ್ವರು ಬೇಕು. ಕೈ ಹಾಕಬೇಕಾದದ್ದು ಕೆಳಗಿನ ಲಾಕ್ ಪಟ್ಟಿಯ ಅಡಿಗೆ ಮಾತ್ರ, ಪಟ್ಟಿಗಳ ಸಂದಿಗೆ ಬೆರಳು ಹಾಕಿದರೆ ಅದು ಅಡಕೊತ್ತಿನಂತೆ ಕಚ್ಚುತ್ತದೆ. ಎರಡೂ ಬದಿ ಸಮವಾಗಿ ಏಳಬೇಕು, ಮತ್ತು ಎದ್ದ ಕೂಡಲೇ ಎರಡೂ ಗೈಡ್ ಚಾನೆಲ್‌ಗಳ (ಶಟರಿನ ಅಂಚು ಸರಿಯುವ ಬದಿಯ ಕಾಲುವೆಗಳ) ಪಕ್ಕದಲ್ಲಿ ಗಟ್ಟಿ ಗಳಗಳನ್ನು ಆನಿಸಬೇಕು. ನಡುವೆ ಒಂದೇ ಗಳ ಕೊಟ್ಟರೆ ಶಟರ್ ವಾಲುತ್ತದೆ. ಎಡ ಪುಲಿಗೆ ಬಲವಿಲ್ಲದ ಕಾರಣ ಮೇಲೆ ಪರದೆಯು ಸುತ್ತಿಕೊಳ್ಳದೆ ಉಬ್ಬಿ ಬಂದರೆ, ಜುಲುಮೆ ಮಾಡದೆ ಅಲ್ಲಿಗೇ ನಿಲ್ಲಿಸಿ ಕೆಳಗಿಳಿಸಿಬಿಡಿ. ಮಕ್ಕಳು ಆ ಕಡೆ ಸುಳಿಯಬಾರದು.

ಉತ್ತರ: ನವನಗರ, ಬಾಗಲಕೋಟೆ

ಮೇಲಿನವರು ಹೇಳಿದ್ದಕ್ಕೆ ನನ್ನದೊಂದು ಎಚ್ಚರಿಕೆ ಸೇರಿಸುತ್ತೇನೆ. ನಮ್ಮ ಮನೆಯ ಶಟರಿನ ಸ್ಪ್ರಿಂಗ್ ತುಂಡಾದಾಗ, ಖರ್ಚು ಉಳಿಯಲಿ ಎಂದು ತುಂಡುಗಳನ್ನು ವೆಲ್ಡಿಂಗ್ ಮಾಡಿಸಿ ಹಾಕಿಸಿದೆವು. ಮೂರು ವಾರವೂ ಬಾಳಲಿಲ್ಲ, ಬೆಸುಗೆಯ ಪಕ್ಕದಲ್ಲಿಯೇ ಮತ್ತೆ ಮುರಿಯಿತು, ಆಗ ಶಟರ್ ಅರ್ಧ ಎತ್ತರದಲ್ಲಿತ್ತು. ನನ್ನ ಹೆಂಡತಿ ಒಂದು ಹೆಜ್ಜೆ ಹಿಂದಿದ್ದಳು, ಅದಕ್ಕೇ ಉಳಿದಳು. ಸ್ಪ್ರಿಂಗಿನ ಉಕ್ಕಿಗೆ ಅದರ ಪುಟಿಯುವ ಗುಣ ಬರುವುದು ಹದ ಮಾಡಿದ್ದರಿಂದ. ವೆಲ್ಡಿಂಗಿನ ಕಾವು ಆ ಹದವನ್ನು ಕೆಡಿಸುತ್ತದೆ, ಬೆಸುಗೆಯ ಅಂಚು ಪೆಡಸಾಗುತ್ತದೆ.

ಎರಡನೆಯ ಸಲ ನಾವು ಮಾಡಿದ ತಪ್ಪು ಅಳತೆಯದು. ಹಳೆಯದು 7 ಮಿಲಿಮೀಟರ್ ತಂತಿಯದಾಗಿತ್ತು, ಅಂಗಡಿಯವರು ಹೆಚ್ಚು ಗಟ್ಟಿ ಎಂದು 8 ಮಿಲಿಮೀಟರಿನದನ್ನು ಕೊಟ್ಟರು. ಒಂದು ಮಿಲಿಮೀಟರಿನಲ್ಲಿ ಏನಿದೆ ಎಂದು ನಾವೂ ಒಪ್ಪಿದೆವು. ಆದರೆ ಸ್ಪ್ರಿಂಗಿನ ಬಿಗುವು ತಂತಿಯ ದಪ್ಪದ ನಾಲ್ಕನೆಯ ಘಾತದಂತೆ ಏರುತ್ತದೆ, ಆದ್ದರಿಂದ ಸುತ್ತುಗಳ ಸಂಖ್ಯೆ ಮತ್ತು ಅಗಲ ಅಷ್ಟೇ ಇದ್ದರೂ ಹೊಸದು ಹಳೆಯದಕ್ಕಿಂತ ಶೇಕಡಾ 70ರಷ್ಟು ಬಿರುಸಾಗಿತ್ತು. ಶಟರ್ ಕೆಳಗೆ ಎಳೆದರೆ ಬರುತ್ತಿರಲಿಲ್ಲ, ಬಂದರೂ ಬೀಗ ತೆಗೆದ ಕೂಡಲೇ ಮೇಲಕ್ಕೆ ಹಾರಿ ಬಡಿಯುತ್ತಿತ್ತು. ಹಾಗಾಗಿ ತುಂಡಾದ ಸ್ಪ್ರಿಂಗಿನ ಎರಡೂ ತುಣುಕುಗಳನ್ನು ಎಸೆಯದೆ ಇಟ್ಟುಕೊಳ್ಳಿ, ತಂತಿಯ ದಪ್ಪ, ಸುರುಳಿಯ ಹೊರ ಅಗಲ, ಸುತ್ತುಗಳ ಎಣಿಕೆ ಈ ಮೂರನ್ನೂ ಅಳೆಸಿಯೇ ಹೊಸದನ್ನು ತರಿಸಿ. ಹಾಗೆಯೇ ಎರಡೂ ಬದಿಯದನ್ನು ಒಟ್ಟಿಗೆ ಬದಲಿಸಿ. ಎರಡೂ ಒಂದೇ ದಿನ ಹಾಕಿದವು, ಒಂದರಷ್ಟೇ ಇನ್ನೊಂದೂ ದುಡಿದಿರುತ್ತದೆ.

ಉತ್ತರ: ವಿಜಯಪುರ

ನಮ್ಮದು ಮೋಟರ್ ಕೂರಿಸಿದ ಶಟರ್. ಅಂಥವರೂ ಇದನ್ನು ಓದುತ್ತಿದ್ದರೆ ಅವರಿಗಾಗಿ ಎರಡು ಮಾತು. ಮೋಟರ್ ಇರುವುದು ಸ್ಪ್ರಿಂಗ್ ತೂಗಿಸಿಕೊಟ್ಟ ಪರದೆಯನ್ನು ನಡೆಸುವುದಕ್ಕೆ, ಪೂರ್ತಿ ಭಾರವನ್ನು ಹೊರುವುದಕ್ಕಲ್ಲ. ಸ್ಪ್ರಿಂಗ್ ಹೋಗಿದೆ ಎಂಬ ಅನುಮಾನ ಬಂದ ಕೂಡಲೇ ಸ್ವಿಚ್ ಒತ್ತಿ ಪರೀಕ್ಷಿಸುವುದನ್ನು ಬಿಟ್ಟು ಅದರ ಕರೆಂಟ್ ತೆಗೆಯಿರಿ. ಛಾವಣಿಯ ಕೆಳಗೆ ಹಲಗೆ ಹಲಗೆಯಾಗಿ ಸರಿಯುವ ಹೊಸ ಬಗೆಯ ಬಾಗಿಲು ಇದ್ದರೆ, ಅದು ಮೇಲಿರುವಾಗ ಮೋಟರ್ ಬಿಡಿಸುವ ಕೆಂಪು ಹಗ್ಗವನ್ನು ಎಳೆಯಲೇಬೇಡಿ, ಸ್ಪ್ರಿಂಗ್ ಇಲ್ಲದ ಬಾಗಿಲು ನೇರವಾಗಿ ಕೆಳಗೆ ಬೀಳುತ್ತದೆ.

ನಮ್ಮ ಕಡೆ ಧೂಳು ಹೆಚ್ಚು, ಗೈಡ್ ಚಾನೆಲ್ಲಿಗೆ ಗ್ರೀಸ್ ಹಚ್ಚಿದರೆ ಧೂಳೆಲ್ಲ ಅಂಟಿ ಹಿಟ್ಟಿನಂತಾಗುತ್ತದೆ. ನಾನು ಚಾನೆಲ್ಲನ್ನು ಬಟ್ಟೆಯಿಂದ ಒಣಗಿಸಿ ಒರೆಸುತ್ತೇನೆ, ಎಣ್ಣೆ ಬಿಡುವುದು ಸ್ಪ್ರಿಂಗಿಗೆ ಮಾತ್ರ.

ಉತ್ತರ: ಉದ್ಯಮಬಾಗ, ಬೆಳಗಾವಿ

ಯಂತ್ರದ ಕೆಲಸದಲ್ಲಿ ಇರುವವನಾಗಿ ಒಂದು ಮಾತು. ವಿಜಯಪುರದವರಿಗೆ ಧೂಳಿನ ಕಾಟವಾದರೆ ಬೆಳಗಾವಿಯವರಿಗೆ ಮಳೆಗಾಲದ ತೇವದ ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ಯಾರೇಜಿನ ಗಾಳಿಯೇ ಹಸಿಯಾಗಿರುವಾಗ ಸ್ಪ್ರಿಂಗಿನ ಮೇಲೆ ತುಕ್ಕಿನ ಸಣ್ಣ ಸಣ್ಣ ಗುಳಿಗಳು ಬೀಳುತ್ತವೆ. ದಿನವೂ ಎತ್ತಿ ಇಳಿಸುವಾಗ ಆ ಗುಳಿಯಿಂದಲೇ ಬಿರುಕು ಹೊರಟು, ತಿಂಗಳುಗಟ್ಟಲೆ ಒಳಕ್ಕೆ ಸಾಗಿ, ಒಂದು ದಿನ ಉಳಿದ ಭಾಗ ತಾಳದೆ ಮುರಿಯುತ್ತದೆ. ಕಾರಹುಣ್ಣಿಮೆಗೆ ಮುನ್ನ ಒಮ್ಮೆ, ದೀಪಾವಳಿಯ ಹೊತ್ತಿಗೆ ಒಮ್ಮೆ, ಶಟರ್ ಮುಚ್ಚಿರುವಾಗ ಸ್ಪ್ರಿಂಗಿಗೆ ತೆಳು ಎಣ್ಣೆ ಬಿಟ್ಟರೆ ಅದರ ಆಯುಷ್ಯ ಖಂಡಿತ ಹೆಚ್ಚುತ್ತದೆ. ಎಣ್ಣೆ ಬಿಡುವಾಗ ನಟ್, ಬೋಲ್ಟ್ ಯಾವುದಕ್ಕೂ ಕೈ ಹಾಕಬೇಡಿ. ಮಿಸ್ತ್ರಿಯನ್ನು ಕರೆಯುವಾಗಲೂ ಶಟರನ್ನೇ ಕಸುಬು ಮಾಡಿಕೊಂಡವರನ್ನು ಹುಡುಕಿ. ಗೇಟು, ಗ್ರಿಲ್ಲು ಮಾಡುವ ವೆಲ್ಡರ್ ಎಷ್ಟೇ ನಿಪುಣರಾದರೂ ಇದು ಅವರ ಕೆಲಸವಲ್ಲ.

ಪ್ರಶ್ನೆ ಕೇಳಿದವರಿಂದ: ಟಿಳಕವಾಡಿ

ಎಲ್ಲರಿಗೂ ಧನ್ಯವಾದಗಳು. ತಂದೆಯವರನ್ನು ಬಾಡಿಗೆ ಗಾಡಿಯಲ್ಲಿ ಕರೆದುಕೊಂಡು ಹೋಗಿ ಬಂದೆ, ಶಟರನ್ನು ಮುಟ್ಟಲಿಲ್ಲ. ಪಾನಾ ತಂದಿಟ್ಟಿದ್ದ ಪಕ್ಕದ ಮನೆಯವರಿಗೆ ಶಹಾಪುರದವರ ಬರಹವನ್ನು ಓದಿ ಹೇಳಿದೆ, ಅವರು ಮರುಮಾತಿಲ್ಲದೆ ಅದನ್ನು ವಾಪಸು ಒಯ್ದರು.

ಇವತ್ತು ಇಬ್ಬರು ಶಟರ್ ಮಿಸ್ತ್ರಿಗಳು ಬಂದು ಎರಡೂ ಸ್ಪ್ರಿಂಗ್ ಬದಲಿಸಿದರು. ಎಡಗಡೆಯದು ಪುಲಿಯಿಂದ ನಾಲ್ಕನೆಯ ಸುತ್ತಿನಲ್ಲಿ ತುಂಡಾಗಿತ್ತು. ಮುರಿದ ಬಾಯಿಯನ್ನು ಬೆಳಕಿಗೆ ಹಿಡಿದು ನೋಡಿದಾಗ ಉದ್ಯಮಬಾಗದವರ ಮಾತು ಅರ್ಥವಾಯಿತು: ಉಗುರಿನ ಆಕಾರದ ಒಂದು ಭಾಗ ಕಂದು ಬಣ್ಣಕ್ಕೆ ತಿರುಗಿ ಹಳೆಯದಾಗಿತ್ತು, ಉಳಿದದ್ದು ಹೊಸದಾಗಿ ಒಡೆದ ಕಲ್ಲಿನ ಹಾಗೆ ಹೊಳೆಯುತ್ತಿತ್ತು. ಬಲಗಡೆಯದನ್ನು ಬಿಚ್ಚಿದ ಮೇಲೆ ಅದರಲ್ಲಿಯೂ ಎರಡು ಕಡೆ ಅಂಥದೇ ಗುಳಿಗಳು ಸಿಕ್ಕವು.

ಕೊನೆಗೆ ಅವರು ಶಟರನ್ನು ಸೊಂಟದ ಎತ್ತರಕ್ಕೆ ತಂದು ಕೈ ಬಿಟ್ಟರು. ಅದು ನಿಲ್ಲದೆ ನಾಲ್ಕು ಬೆರಳಷ್ಟು ಕೆಳಗೆ ಜಾರಿತು. ಪರದೆಯನ್ನು ಮತ್ತೆ ಮೇಲೆ ಸುತ್ತಿ ಕಟ್ಟಿ, ಪೈಪಿಗೆ ಇನ್ನೂ ಕಾಲು ಸುತ್ತು ಬಿಗಿ ಕೊಟ್ಟು, ಪುನಃ ಅದೇ ಎತ್ತರಕ್ಕೆ ತಂದು ಬಿಟ್ಟಾಗ ಬಿಟ್ಟಲ್ಲಿಯೇ ನಿಂತಿತು. ಆಮೇಲೆ ಕಾರನ್ನು ಹೊರಗೆ ತೆಗೆದೆ.